ಬಾಯಿಹುಣ್ಣಿನ ಮಾತ್ರೆಯೂ ನಮ್ಮ ಪುಟ್ಟಿಯೂ

ನಮ್ಮ ಮನೆಯ ನೆಂಟಸ್ತನವನ್ನು ಹೊರಗಿನವರಿಗೆ ಬಿಡಿಸಿ ಹೇಳುವುದು ಸ್ವಲ್ಪ ಕಷ್ಟ. ನನ್ನ ಅಕ್ಕನನ್ನು ಕೊಟ್ಟಿರುವುದು ಅಮ್ಮನ ಕೊನೇ ತಮ್ಮನಿಗೆ. ನನಗೆ ಅವರು ಸೋದರಮಾವನೂ ಹೌದು, ಭಾವನೂ ಹೌದು. ಚಿಕ್ಕಂದಿನಿಂದ ಬಾಯಿಗೆ ಬಂದದ್ದು ಮಾವ ಅಂತ, ಅದೇ ಉಳಿದಿದೆ. ಅಕ್ಕನ ಮಕ್ಕಳಿಗೆ ನಮ್ಮಮ್ಮ ತಾಯಿಯ ತಾಯಿ, ಜೊತೆಗೆ ಅಪ್ಪನ ಅಕ್ಕ. ಅಜ್ಜಿ ಅನ್ನುವುದೋ ಅತ್ತೆ ಅನ್ನುವುದೋ ಎಂದು ಮಕ್ಕಳು ಚಿಕ್ಕವರಿದ್ದಾಗ ತಮಾಷೆ ಮಾಡುತ್ತಿದ್ದೆವು. ತಿಪಟೂರು, ಅರಸೀಕೆರೆ ಕಡೆ ಇದೇನೂ ವಿಶೇಷವಲ್ಲ. ತೋಟ ತುಂಡಾಗಬಾರದು, ಹೆಣ್ಣುಮಗು ಗೊತ್ತಿಲ್ಲದ ಮನೆ ಸೇರಬಾರದು, ಇಷ್ಟು ಕಾರಣ ಸಾಕು. ಕರ್ನಾಟಕದಲ್ಲಿ ಈಗಲೂ ಹೆಚ್ಚುಕಡಿಮೆ ನಾಲ್ಕು ಮದುವೆಗೆ ಒಂದು ರಕ್ತಸಂಬಂಧದೊಳಗೇ ಆಗುತ್ತದೆ ಎಂಬುದು ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ.

ನನ್ನದು ಮೆಡಿಕಲ್ ಸ್ಟೋರ್. ಡಿ.ಫಾರ್ಮ ಮುಗಿಸಿದವನು, ಡಾಕ್ಟರಲ್ಲ. ಆದರೂ ಈ ಬರಹ ಬರೆಯಲೇಬೇಕು ಅನಿಸಿದ್ದು ಅಂಗಡಿಯ ಕಾರಣಕ್ಕೇ. ಅಕ್ಕನ ಮಗಳ ಕಾಯಿಲೆಗೆ ಕೊನೆಗೆ ಸಿಕ್ಕ ಔಷಧಿ ನಾನು ದಿನಬೆಳಗಾದರೆ ಬಾಯಿಹುಣ್ಣಿನವರಿಗೆ ಎಣಿಸಿಕೊಡುವ ಬಿ-ಕಾಂಪ್ಲೆಕ್ಸ್‌ನೊಳಗಿನ ಒಂದು ವಿಟಮಿನ್. ಅದು ಗೊತ್ತಾಗುವಷ್ಟರಲ್ಲಿ ಅವಳ ಕಿವಿ ಹೋಗಿತ್ತು, ಮಾತು ಅರ್ಧ ಹೋಗಿತ್ತು.

ಮನೆಯಲ್ಲಿ ಅವಳನ್ನು ಪುಟ್ಟಿ ಅಂತಲೇ ಕರೆಯುವುದು, ಇಲ್ಲಿಯೂ ಅದೇ ಇರಲಿ. ಮೊದಲು ಕೆಟ್ಟದ್ದು ಕಿವಿ. ಎಸ್ಸೆಸ್ಸೆಲ್ಸಿ ಹೊತ್ತಿಗೆ ಪ್ರತಿ ಮಾತಿಗೂ "ಆಂ?" ಅನ್ನತೊಡಗಿದಳು. ಟಿ.ವಿ. ಶಬ್ದ ಜಾಸ್ತಿ ಮಾಡುತ್ತಾಳೆಂದು ಅಕ್ಕ ಬೈಯುತ್ತಿದ್ದಳು. ಕಿವಿ ಪರೀಕ್ಷೆ ಮಾಡಿದಾಗ ತಮಟೆ ಚೆನ್ನಾಗಿದೆ, ತೊಂದರೆ ನರದಲ್ಲಿದೆ ಅಂದರು. ಮಿಷನ್ ಹಾಕಿಸಿದೆವು. ಸಂಬಂಧದಲ್ಲಿ ಮದುವೆಯಾದವರ ಮಕ್ಕಳಿಗೆ ಕಿವಿ ಕೇಳಿಸದಿರುವುದು ನಮ್ಮ ಸೀಮೆಗೆ ಹೊಸದಲ್ಲವಾದ್ದರಿಂದ ಯಾರೂ ಮುಂದಕ್ಕೆ ಯೋಚಿಸಲಿಲ್ಲ.

ಎರಡನೇ ಪಿ.ಯು.ಸಿ.ಯಲ್ಲಿ ದನಿ ಮೂಗಿಗೆ ಏರಿತು. ನೆಗಡಿ ಅಂದುಕೊಂಡೆವು. ಆಮೇಲೆ ನೀರು ಕುಡಿದರೆ ಮೂಗಿನಲ್ಲಿ ಬರುವುದು, ಸಾರು ಅನ್ನಕ್ಕೆ ಕೆಮ್ಮು ಹತ್ತುವುದು, ಮುದ್ದೆ ಮಾತ್ರ ಹೇಗೋ ಇಳಿಯುವುದು. ನಿದ್ದೆಯಲ್ಲಿ ಅವಳ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ, ಬಿಳಿ ಕಾಣುತ್ತಿತ್ತು. ಅಮ್ಮ ಅದನ್ನು ನೋಡಿ ದೃಷ್ಟಿ ತೆಗೆದಳು. ಜಡೆ ಹೆಣೆಯಲು ಕೈ ಎತ್ತಿ ಹಿಡಿಯಲಾಗದೆ ಅಕ್ಕನ ಮುಂದೆ ಬಂದು ಕೂರತೊಡಗಿದಾಗ, ಹುಡುಗಿಗೆ ಸೋಮಾರಿತನ ಅಂದವರೂ ಇದ್ದಾರೆ. ನಾನು ಅವಳಿಗೆ ನಾಲಿಗೆ ಚಾಚಲು ಹೇಳಿ ಟಾರ್ಚ್ ಹಿಡಿದು ನೋಡಿದೆ. ನಾಲಿಗೆಯ ಮೇಲೆಲ್ಲ ಸಣ್ಣಗೆ ಅದುರು. ಅದಕ್ಕೆ ಏನನ್ನುತ್ತಾರೆಂದು ಪುಸ್ತಕದಲ್ಲಿ ಓದಿದ್ದೆ, ಯಾರಲ್ಲೂ ನೋಡಿರಲಿಲ್ಲ.

ನಾವು ಮೊದಲು ಹೋದ ನರರೋಗದ ವೈದ್ಯರು ಚೀಟಿಯ ಮೇಲೆ ಎಂ.ಎನ್.ಡಿ. ಎಂದು ಬರೆದರು. ಮೋಟಾರ್ ನ್ಯೂರಾನ್ ಡಿಸೀಸ್. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಕೋಶಗಳು ಒಂದೊಂದಾಗಿ ಸಾಯುವ ಕಾಯಿಲೆ. "ಔಷಧಿ ಅಂತ ಏನಿಲ್ಲ, ರಿಲುಜೋಲ್ ಬರೆದಿದ್ದೀನಿ, ಮನೇಲಿ ಚೆನ್ನಾಗಿ ನೋಡ್ಕೊಳ್ಳಿ" ಅಂದರು. ಹದಿನೇಳರ ಹುಡುಗಿ ಎದುರಿಗೇ ಕೂತಿದ್ದಳು. ಕೇಳಿಸಲಿಲ್ಲ ಅಂತ ಅವರು ತಿಳಿದಿರಬೇಕು, ಅವಳು ತುಟಿ ನೋಡಿ ಓದುತ್ತಾಳೆ. ರಿಲುಜೋಲ್ 1995ರಿಂದ ಇರುವ ಮಾತ್ರೆ, ಕೆಲವು ತಿಂಗಳ ಆಯಸ್ಸು ಜಾಸ್ತಿ ಮಾಡುತ್ತದೆ ಎಂಬುದು ಅದರ ಹೆಗ್ಗಳಿಕೆ. ನಮ್ಮ ಸ್ಟಾಕಿಸ್ಟ್‌ಗೆ ಫೋನ್ ಮಾಡಿ ನಾನೇ ತರಿಸಿದೆ. ನೆಂಟರೆಲ್ಲ ಸ್ಟೀಫನ್ ಹಾಕಿಂಗ್ ಹೆಸರು ಹೇಳಿ ಸಮಾಧಾನ ಮಾಡಿದರು. ಹಾಕಿಂಗ್ ಅವರಿಗೂ 21ನೇ ವಯಸ್ಸಿನಲ್ಲಿ, 1963ರಲ್ಲಿ, ಹೀಗೇ ಹೇಳಿ ಕಳಿಸಿದ್ದರಂತೆ, ಐವತ್ತು ವರ್ಷಕ್ಕೂ ಮೇಲೆ ಬದುಕಿದರಲ್ಲ ಅಂತ. ಕೇಂಬ್ರಿಜ್‌ನ ಪ್ರೊಫೆಸರ್‌ಗೆ ಸಿಕ್ಕ ಆರೈಕೆ ನಮ್ಮ ಓಣಿಯಲ್ಲಿ ಯಾರಿಗೆ ಸಿಗುತ್ತದೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ನಿಮ್ಹಾನ್ಸ್‌ಗೆ ಹೋಗೋಣವೆಂದು ಹಟ ಹಿಡಿದವರು ಮಾವ. ಅಲ್ಲಿ ಒಬ್ಬ ಮೇಡಂ ಪುಟ್ಟಿಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನಮ್ಮನ್ನು ಪ್ರಶ್ನೆ ಕೇಳಿದರು. ಕಿವಿ ಮೊದಲೋ ಮಾತು ಮೊದಲೋ? ನಡುವೆ ಎಷ್ಟು ಸಮಯ? ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದೆಯೇ? ತಂದೆ ತಾಯಿ ಸಂಬಂಧವೇ? ಸಂಬಂಧವನ್ನು ಮಾವ ವಿವರಿಸಿದರು. ಅವರು ಚಿತ್ರ ಬರೆದುಕೊಂಡರು, ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಸೋದರಿಕೆ ಮದುವೆಗೆ ಜೋಡಿಗೆರೆ. ನಮ್ಮ ಮನೆತನ ಒಂದು ಹಾಳೆಯ ಮೇಲೆ ಅಷ್ಟು ಸಲೀಸಾಗಿ ಕೂತದ್ದು ನೋಡಿ ನನಗೆ ಆಶ್ಚರ್ಯವಾಯಿತು. ಮಾಮೂಲಿ ಎಂ.ಎನ್.ಡಿ. ಕಿವಿಯನ್ನು ಮುಟ್ಟುವುದಿಲ್ಲವಂತೆ. ಹದಿಹರೆಯದಲ್ಲಿ ಕಿವಿ, ಆಮೇಲೆ ಮುಖ, ಗಂಟಲು, ನಾಲಿಗೆ ಎಂದು ಸಾಲು ಬಂದರೆ ತಲೆಗೆ ಎರಡು ಹೆಸರು ಬರಬೇಕು ಅಂದರು.

ಒಂದು, ಮದ್ರಾಸ್ ಮೋಟಾರ್ ನ್ಯೂರಾನ್ ಡಿಸೀಸ್. ಆಗಿನ ಮದ್ರಾಸಿನ ವೈದ್ಯರು 1970ರಲ್ಲಿ ಮೊದಲು ವರ್ಣಿಸಿದ್ದು, ಹೆಚ್ಚಾಗಿ ದಕ್ಷಿಣ ಭಾರತದಲ್ಲೇ ಕಾಣುವಂಥದ್ದು. ಚಿಕ್ಕ ವಯಸ್ಸಿನಲ್ಲೇ ಶುರು, ಆದರೆ ನಿಧಾನ. ನಿಮ್ಹಾನ್ಸ್‌ನವರೇ 1971ರಿಂದ 2007ರವರೆಗೆ, 36 ವರ್ಷಗಳಲ್ಲಿ ತಮ್ಮಲ್ಲಿಗೆ ಬಂದ ಇಂಥ 116 ಜನರ ವಿವರ ಪ್ರಕಟಿಸಿದ್ದಾರೆ. ಇನ್ನೊಂದರ ಹೆಸರು ಬ್ರೌನ್-ವಿಯಲೆಟ್ಟೊ-ವಾನ್ ಲೇರ್. ಮೂವರು ವೈದ್ಯರು, ಮೂರು ಕಾಲ: 1894, 1936, 1966. ಬ್ರೌನ್ ತನ್ನ ಲೇಖನದಲ್ಲಿ ಇದನ್ನು ಮಕ್ಕಳಿಗೆ ಬರುವ, ಮನೆತನದಲ್ಲಿ ಹರಿಯುವ ಎ.ಎಲ್.ಎಸ್. ಎಂದೇ ಕರೆದಿದ್ದ. ಎ.ಎಲ್.ಎಸ್. ಅಂದರೆ ಎಂ.ಎನ್.ಡಿ.ಗಳಲ್ಲೇ ಅತಿ ಸಾಮಾನ್ಯವಾದದ್ದು, ಹಾಕಿಂಗ್‌ಗೆ ಇದ್ದದ್ದು. ನೂರು ವರ್ಷಕ್ಕೂ ಹೆಚ್ಚು ಕಾಲ ಇದಕ್ಕೂ ಮದ್ದಿಲ್ಲ ಎಂದೇ ಬರೆಯುತ್ತಿದ್ದರು. 2010ರಲ್ಲಿ 20ನೇ ಕ್ರೋಮೋಸೋಮಿನ ಮೇಲೆ ಒಂದು ಜೀನ್ ಸಿಕ್ಕಿತು, ಈಗ ಅದರ ಹೆಸರು ಎಸ್.ಎಲ್.ಸಿ.52ಎ3. ಎರಡು ವರ್ಷದ ಮೇಲೆ 8ನೇ ಕ್ರೋಮೋಸೋಮಿನಲ್ಲಿ ಅದರ ದಾಯಾದಿ ಎಸ್.ಎಲ್.ಸಿ.52ಎ2 ಸಿಕ್ಕಿತು. ಎರಡೂ ಮಾಡುವ ಕೆಲಸ ಒಂದೇ: ಜೀವಕೋಶದೊಳಕ್ಕೆ ರೈಬೋಫ್ಲೇವಿನ್ ಸಾಗಿಸುವುದು. ರೈಬೋಫ್ಲೇವಿನ್ ಅಂದರೆ ವಿಟಮಿನ್ ಬಿ2.

ಅಂಗಡಿಯವನಾದ ನನಗೆ ಅಲ್ಲೇ ತಲೆ ತಿರುಗಿತು.

ನಮ್ಮ ಎ.ಪಿ.ಎಂ.ಸಿ. ಮುಂದೆ ಕೊಬ್ಬರಿ ತುಂಬಿದ ಗಾಡಿಗಳು ನಿಂತಿವೆ, ಗೇಟು ಮಾತ್ರ ಒಂದು ಗೇಣು ತೆರೆದಿದೆ ಎಂದುಕೊಳ್ಳಿ. ಈ ಮಕ್ಕಳ ಸ್ಥಿತಿ ಅದು. ಹಾಲು, ಮೊಟ್ಟೆ, ಸೊಪ್ಪಿನಲ್ಲಿ ಬಿ2 ಬೇಕಾದಷ್ಟಿದೆ, ಕೋಶದೊಳಗೆ ಹೋಗುತ್ತಿಲ್ಲ. ಎಸ್.ಎಲ್.ಸಿ.52ಎ3ರ ಕೆಲಸ ಮುಖ್ಯವಾಗಿ ಕರುಳಿನಲ್ಲಿ, ಇನ್ನೊಂದರದ್ದು ಮಿದುಳಿನ ಕಡೆ ಹೆಚ್ಚು. ಬಿ2 ಇಲ್ಲದೆ ಕೋಶದ ಒಳಗೆ ಶಕ್ತಿ ತಯಾರಾಗುವುದಿಲ್ಲ. ಎಡೆಬಿಡದೆ ದುಡಿಯುವ ನರಕೋಶಗಳಿಗೆ ಆ ಬರ ಮೊದಲು ತಟ್ಟುತ್ತದೆ. ಹೊರಗಿನಿಂದ ವಿಪರೀತ ಪ್ರಮಾಣದಲ್ಲಿ ಕೊಟ್ಟರೆ, ಆ ಒಂದು ಗೇಣಿನಲ್ಲೇ ಬದುಕಲು ಸಾಕಾಗುವಷ್ಟು ನುಸುಳುತ್ತದೆ. ನೆದರ್ಲೆಂಡ್ಸ್‌ನ ವೈದ್ಯರು 2011ರಲ್ಲಿ ಪುಟ್ಟ ಮಕ್ಕಳಿಗೆ ಹೀಗೆ ಕೊಟ್ಟು ಚೇತರಿಕೆ ಕಂಡದ್ದು ಪ್ರಕಟವಾದ ಮೇಲೆ ಎಲ್ಲ ಕಡೆ ಇದೇ ಚಿಕಿತ್ಸೆ.

ಮೇಡಂ ಮಾಡಿದ ಒಂದು ಕೆಲಸಕ್ಕೆ ನಾನು ಜೀವಮಾನವಿಡೀ ಋಣಿ. ಜೀನ್ ಪರೀಕ್ಷೆಗೆ ರಕ್ತ ತೆಗೆದುಕೊಂಡರು, ವರದಿಗೆ ಕೆಲವು ವಾರ ಬೇಕು ಅಂದರು, ಅದೇ ಚೀಟಿಯಲ್ಲಿ ಅವತ್ತೇ ರೈಬೋಫ್ಲೇವಿನ್ ಬರೆದರು. "ವರದಿ ಬಂದ ಮೇಲೆ ಶುರು ಮಾಡಬಾರದಾ?" ಎಂದು ಮಾವ ಕೇಳಿದರು. "ಸಾಯ್ತಿರೋ ನರ ವರದಿಗೆ ಕಾಯಲ್ಲ ಸಾರ್. ಇದಲ್ಲ ಅಂತಾದ್ರೆ ನಿಲ್ಸಿದ್ರಾಯ್ತು" ಅಂದರು. ರಕ್ತದಲ್ಲಿ ಅಸೈಲ್‌ಕಾರ್ನಿಟೀನ್ ಎಂಬುದನ್ನೂ ನೋಡುತ್ತಾರೆ, ಕೆಲವರಲ್ಲಿ ಅದು ಏರುಪೇರಾಗಿ ಸುಳಿವು ಕೊಡುತ್ತದೆ, ಕೆಲವರಲ್ಲಿ ಸರಿಯಾಗೇ ಇರುತ್ತದೆ. ಪುಟ್ಟಿಯದು ಸರಿಯಾಗಿತ್ತು. ಅದನ್ನೇ ನಂಬಿ ಕೂತಿದ್ದರೆ ಆಗಿತ್ತು ನಮ್ಮ ಕಥೆ.

ಪ್ರಮಾಣದ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದನ್ನು ಓದಿ ಯಾರಾದರೂ ಬಿ-ಕಾಂಪ್ಲೆಕ್ಸ್ ಡಬ್ಬಿ ತೆರೆದು ಕೂರಬಾರದು. ಆರೋಗ್ಯವಂತರಿಗೆ ದಿನಕ್ಕೆ ಬೇಕಾಗುವುದು ಒಂದೂವರೆ, ಎರಡು ಮಿಲಿಗ್ರಾಂ ಬಿ2. ಈ ಕಾಯಿಲೆಗೆ ಒಂದು ಕೆ.ಜಿ. ತೂಕಕ್ಕೆ 10 ಮಿಲಿಗ್ರಾಂನಿಂದ ಶುರುಮಾಡಿ 50ರವರೆಗೂ, ಬೇಕಾದರೆ ಇನ್ನೂ ಮೇಲಕ್ಕೂ ಹೋಗುತ್ತಾರೆ. 45 ಕೆ.ಜಿ. ಹುಡುಗಿಗೆ ಮೊದಲ ದಿನವೇ 450 ಮಿಲಿಗ್ರಾಂ. ಸಾಮಾನ್ಯ ಬಿ-ಕಾಂಪ್ಲೆಕ್ಸ್ ಕ್ಯಾಪ್ಸೂಲಿನಲ್ಲಿ ಬಿ2 ಇರುವುದು 10 ಮಿಲಿಗ್ರಾಂ. ಲೆಕ್ಕ ಹಾಕಿದರೆ 45 ಕ್ಯಾಪ್ಸೂಲ್. ಅಷ್ಟು ನುಂಗಿದರೆ ಅದರೊಳಗಿನ ಬಿ6 ಕೂಡ ಅಷ್ಟು ಪಾಲು ಒಳಗೆ ಹೋಗುತ್ತದೆ. ಬಿ6 ಹೆಚ್ಚು ದಿನ ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಅದೇ ನರ ಕೆಡಿಸುತ್ತದೆ. ಹಾಗಾಗಿ ಬೇಕಾದದ್ದು ಬಿ2 ಒಂದೇ ಇರುವ ಕ್ಯಾಪ್ಸೂಲ್. ನಮ್ಮ ಊರಿನ ಯಾವ ಅಂಗಡಿಯಲ್ಲೂ ಅದಿರಲಿಲ್ಲ, ನನ್ನದರಲ್ಲೂ. ಬೆಂಗಳೂರಿನಿಂದ ತರಿಸಿದೆ. ಕಿತ್ತಳೆಗೆ ತಿರುಗಿದ ಹಳದಿ ಪುಡಿ, ಬೆಳಕು ಬಿದ್ದರೆ ಕೆಡುತ್ತದೆ, ಕಪ್ಪು ಡಬ್ಬಿಯಲ್ಲಿ ಇಡಬೇಕು. ಒಂದೇ ಸಲಕ್ಕೆ ಕೊಟ್ಟರೆ ಕರುಳು ಹೀರುವುದಿಲ್ಲ, ಊಟದ ಜೊತೆ ದಿನಕ್ಕೆ ಹಲವು ಸಲ ಹಂಚಿ ಕೊಡಬೇಕು. ಮೂತ್ರ ಗಾಢ ಹಳದಿ ಬರುತ್ತದೆ, ಅಕ್ಕ ಮೊದಲ ದಿನ ಕಾಮಾಲೆ ಎಂದು ಹೆದರಿ ನನಗೆ ಫೋನ್ ಮಾಡಿದಳು.

ಪವಾಡ ಆಗಲಿಲ್ಲ. ಕೆಲವು ವಾರ ಏನೂ ಗೊತ್ತಾಗಲಿಲ್ಲ. ಆಮೇಲೆ ಒಂದು ದಿನ ಅಕ್ಕ, "ನಿನ್ನೆ ರಾತ್ರಿ ಕಣ್ಣು ಮುಚ್ಚಿ ಮಲಗಿದ್ಲು ಕಣೋ" ಅಂದಳು. ಮೂಗಿನಲ್ಲಿ ನೀರು ಬರುವುದು ನಿಂತಿತು. ಸಾರು ಅನ್ನ ಇಳಿಯುತ್ತದೆ. ಜಡೆ ತಾನೇ ಹಾಕಿಕೊಳ್ಳುತ್ತಾಳೆ, ಮಧ್ಯೆ ಒಂದು ಸಲ ಕೈ ಇಳಿಸಿ ದಣಿವಾರಿಸಿಕೊಂಡು. ಮಾತು ಇನ್ನೂ ಮೂಗಿನದ್ದೇ, ಹೊಸಬರಿಗೆ ಅರ್ಥವಾಗುವುದಿಲ್ಲ. ಕಿವಿ ಬರಲಿಲ್ಲ. ಔಷಧಿ ಜೀವನಪೂರ್ತಿ ಬೇಕು. ಪುಸ್ತಕಗಳ ಪ್ರಕಾರ ಔಷಧಿ ಸಿಕ್ಕವರಲ್ಲಿ ಬಹುಪಾಲು ಜನ ಸುಧಾರಿಸುತ್ತಾರೆ ಅಥವಾ ಇದ್ದಲ್ಲೇ ನಿಲ್ಲುತ್ತಾರೆ. ಸಿಗದವರಲ್ಲಿ ಹಲವರು ಉಸಿರಾಟದ ಸ್ನಾಯು ಸೋತು ಹೋಗುತ್ತಾರೆ. ಎಷ್ಟು ಬೇಗ ಶುರುವಾಯಿತು ಎಂಬುದರ ಮೇಲೆ ಎಷ್ಟು ವಾಪಸ್ ಬರುತ್ತದೆ ಎಂಬುದು ನಿಂತಿದೆ. ಕಿವಿ ಹೋದ ವರ್ಷವೇ ಯಾರಾದರೂ ಈ ಹೆಸರು ಹೇಳಿದ್ದರೆ ಎಂದು ಮಾವ ಈಗಲೂ ಆಗಾಗ ಅನ್ನುತ್ತಾರೆ.

ವರದಿಯ ಕಥೆ ಬೇರೆ. ಎಕ್ಸೋಮ್ ಪರೀಕ್ಷೆ, ಅಂದರೆ ಇಪ್ಪತ್ತು ಸಾವಿರದಷ್ಟು ಜೀನ್‌ಗಳಲ್ಲಿ ಪ್ರೋಟೀನ್ ಬರೆಯುವ ಭಾಗವನ್ನೆಲ್ಲ ಒಟ್ಟಿಗೇ ಓದುವುದು. ದುಡ್ಡೂ ಇಪ್ಪತ್ತು ಸಾವಿರದ ಆಸುಪಾಸು. ಪ್ರತಿ ಜೀನಿಗೂ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬಂದಿರುತ್ತದೆ. ಎಸ್.ಎಲ್.ಸಿ.52ಎ3ರ ಎರಡೂ ಪ್ರತಿಗಳಲ್ಲಿ ಒಂದೇ ಅಕ್ಷರ ಬದಲಾಗಿದೆ ಎಂದು ಬಂತು. ಆದರೆ ಕೆಳಗೆ, ಈ ಬದಲಾವಣೆಯ ಪರಿಣಾಮ ಖಚಿತವಿಲ್ಲ ಎಂಬ ಒಕ್ಕಣೆ. ಅದೇ ಬದಲಾವಣೆ ಹಿಂದೆ ಯಾರಲ್ಲೂ ದಾಖಲಾಗಿರದಿದ್ದರೆ ಲ್ಯಾಬಿನವರು ಹಾಗೇ ಬರೆಯುವುದು. ಆಗ ಅಕ್ಕನದೂ ಮಾವನದೂ ರಕ್ತ ತೆಗೆದರು. ಇಬ್ಬರಲ್ಲೂ ಒಂದು ಪ್ರತಿ ಕೆಟ್ಟದ್ದು, ಒಂದು ಸರಿ. ಕಾಯಿಲೆಯ ಲಕ್ಷಣ, ಮನೆತನದ ಚಿತ್ರ, ಔಷಧಿಗೆ ಸಿಕ್ಕ ಫಲ ಮೂರನ್ನೂ ಸೇರಿಸಿ ಮೇಡಂ "ಇದೇ" ಅಂದರು. ಕಾಗದದ ಒಂದು ಸಾಲಿನಿಂದ ಉತ್ತರ ಬರುವುದಿಲ್ಲ, ನೋಡಿದ ವೈದ್ಯರು ಕೂಡಿಸಿ ಕಳೆದು ಹೇಳಬೇಕಾಗುತ್ತದೆ. ಇನ್ನೊಂದು ವಿಷಯ: ಎಕ್ಸೋಮ್ ಎಲ್ಲವನ್ನೂ ಹಿಡಿಯುವುದಿಲ್ಲ. ಎಸ್.ಎಂ.ಎ., ಅಂದರೆ ಸ್ಪೈನಲ್ ಮಸ್ಕ್ಯುಲರ್ ಅಟ್ರೋಫಿ ಎಂಬ ಕಾಯಿಲೆಯಲ್ಲಿ ಹೆಚ್ಚಾಗಿ ಜೀನಿನ ತುಂಡೇ ಕಾಣೆಯಾಗಿರುತ್ತದೆ, ಅದಕ್ಕೆ ಬೇರೆ ಪರೀಕ್ಷೆ. ಕೆಲವರಿಗೆ ಎ.ಎಲ್.ಎಸ್. ತರುವ ಸಿ9ಓಆರ್‌ಎಫ್72 ಎಂಬ ಜೀನಿನಲ್ಲಿ ಒಂದೇ ಪದ ನೂರಾರು ಸಲ ಪುನರಾವರ್ತನೆಯಾಗುತ್ತದೆ, ಅದಕ್ಕೂ ಬೇರೆ. "ಜೀನ್ ಟೆಸ್ಟ್ ನಾರ್ಮಲ್" ಎಂದವರನ್ನು ಯಾವ ಟೆಸ್ಟ್ ಎಂದು ಕೇಳಿ.

ನಿಮ್ಹಾನ್ಸ್‌ನ ಬೆಂಚಿನ ಮೇಲೆ ಕೂತು ಕೂತು ನನಗೆ ಅರ್ಥವಾದದ್ದು, ಎಂ.ಎನ್.ಡಿ. ಅನುಮಾನದ ಮೇಲೆ ಬಂದ ಚಿಕ್ಕ ವಯಸ್ಸಿನವರಲ್ಲಿ ಇಬ್ಬರ ಕಥೆ ಒಂದೇ ಇರುವುದಿಲ್ಲ ಎಂಬುದು. ಪಶ್ಚಿಮದ ದೇಶಗಳಲ್ಲಿ ಎ.ಎಲ್.ಎಸ್. ಹೆಚ್ಚಾಗಿ ಅರವತ್ತರ ಸುಮಾರಿಗೆ ಬರುವ ಕಾಯಿಲೆ. ನಿಮ್ಹಾನ್ಸ್‌ನವರು 30 ವರ್ಷಗಳ 1,153 ರೋಗಿಗಳನ್ನು ಲೆಕ್ಕ ಹಾಕಿದಾಗ ಶುರುವಾದ ಸರಾಸರಿ ವಯಸ್ಸು 46. ಇಪ್ಪತ್ತೈದರ ಒಳಗೆ ಬಂದರೆ ಅದನ್ನು ಜುವೆನೈಲ್ ಅನ್ನುತ್ತಾರೆ, ಅಲ್ಲಿ ಜೀನಿನ ಕೈವಾಡ ಸಿಗುವ ಸಾಧ್ಯತೆ ದೊಡ್ಡವರಿಗಿಂತ ತುಂಬಾ ಹೆಚ್ಚು.

ಹಾವೇರಿ ಕಡೆಯ ಒಬ್ಬ ಹುಡುಗ ಇದ್ದ, ಐ.ಟಿ.ಐ. ಓದುತ್ತಿದ್ದವನು. ಒಂದೇ ಕೈ ಸಣ್ಣಗಾಗಿತ್ತು, ಚಳಿಯಲ್ಲಿ ಬೆರಳು ಬಿಗಿಯುತ್ತಿದ್ದವು. ಅವನಿಗೆ ಕುತ್ತಿಗೆ ಬಗ್ಗಿಸಿ ಎಂ.ಆರ್.ಐ. ಮಾಡಿದರು. ಹಿರಯಾಮ ಕಾಯಿಲೆ ಎಂದಾಯಿತು. ಜಪಾನಿನ ಹಿರಯಾಮ 1959ರಲ್ಲಿ ಬರೆದದ್ದು, ನಿಮ್ಹಾನ್ಸ್‌ನ ಡಾ. ಗೌರಿದೇವಿಯವರು 1984ರಲ್ಲಿ ಒಂದೇ ಕೈ ಅಥವಾ ಕಾಲಿಗೆ ಸೀಮಿತವಾದ ಇಂಥದ್ದೇ ತೊಂದರೆಯನ್ನು ವಿವರಿಸಿದ್ದರು. ಕುತ್ತಿಗೆ ಬಾಗಿದಾಗ ಬೆನ್ನುಹುರಿ ಒತ್ತುವುದರಿಂದ ಬರುವಂಥದ್ದು, ಕೆಲವು ವರ್ಷ ಏರಿ ತಾನೇ ನಿಲ್ಲುತ್ತದೆ. ಕಾಲರ್ ಹಾಕಿಸಿ ಕಳಿಸಿದರು. ಅವನ ತಾಯಿ ಬೆಂಚಿನಲ್ಲಿದ್ದ ಎಲ್ಲರಿಗೂ ಬಾಳೆಹಣ್ಣು ಹಂಚಿದರು.

ಇನ್ನೊಬ್ಬ ಪುಟ್ಟಿಗಿಂತ ಎರಡು ವರ್ಷ ದೊಡ್ಡವನು. ಕೈಯಿಂದ ಶುರುವಾಗಿ ತಿಂಗಳುಗಳಲ್ಲೇ ಗಾಲಿಕುರ್ಚಿ. ಅವನ ಅಪ್ಪ ಸಿಕ್ಕವರಿಗೆಲ್ಲ, "ನಮ್ಮ ವಂಶದಾಗ ಯಾರಿಗೂ ಇಲ್ರೀ, ಸಂಬಂಧದಾಗ ಮದುವೀನೂ ಅಲ್ಲ" ಅನ್ನುತ್ತಿದ್ದರು, ಯಾರೋ ಆರೋಪ ಹೊರಿಸಿದಂತೆ. ಅವನಿಗೆ ಬಂದದ್ದು ಎಫ್.ಯು.ಎಸ್. ಜೀನಿನ ಬದಲಾವಣೆ. ಈ ಜೀನಿಗೂ ಎ.ಎಲ್.ಎಸ್.ಗೂ ನಂಟಿದೆ ಎಂದು ತಿಳಿದದ್ದು 2009ರಲ್ಲಿ. ಅದು ಬರೆಯುವ ಪ್ರೋಟೀನಿನಲ್ಲಿ ಸರದಂತೆ ಪೋಣಿಸಿದ 526 ಅಮೈನೋ ಆಮ್ಲದ ಮಣಿಗಳು, 525ನೆಯದು ಬದಲಾದರೆ ಹದಿಹರೆಯದಲ್ಲೋ ಇಪ್ಪತ್ತರ ಆಸುಪಾಸಿನಲ್ಲೋ ಅತ್ಯಂತ ವೇಗದ ಕಾಯಿಲೆ ಬರುತ್ತದೆ. ಆ ಕೊನೆಯ ತುದಿಯೇ ಪ್ರೋಟೀನನ್ನು ಕೋಶದ ಕೇಂದ್ರಕ್ಕೆ ಕರೆದೊಯ್ಯುವ ವಿಳಾಸಚೀಟಿಯಂತೆ, ಅದು ಹರಿದರೆ ಪ್ರೋಟೀನ್ ಹೊರಗೇ ಗಡ್ಡೆ ಕಟ್ಟಿ ಕೂರುತ್ತದೆ. ಕೆಟ್ಟ ಪ್ರತಿ ಒಂದಿದ್ದರೂ ಸಾಕು. ಎಷ್ಟೋ ಮಕ್ಕಳಲ್ಲಿ ಅಪ್ಪ ಅಮ್ಮ ಇಬ್ಬರಲ್ಲೂ ಅದು ಇರುವುದೇ ಇಲ್ಲ, ಆ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ವಂಶವನ್ನು ತಡಕಾಡಿ ಪ್ರಯೋಜನವಿಲ್ಲ, ಆ ತಂದೆ ಹೇಳುತ್ತಿದ್ದದ್ದು ಅಕ್ಷರಶಃ ಸತ್ಯ.

ಆ ಹುಡುಗ ಈಗಿಲ್ಲ. ಅಮೆರಿಕದ ಅಯೋವಾದಲ್ಲಿ ಇದೇ ಜೀನಿನ ಕಾಯಿಲೆಯಿದ್ದ ಜೇಸಿ ಎಂಬ ಯುವತಿಗಾಗಿ ಕೊಲಂಬಿಯಾ ವಿಶ್ವವಿದ್ಯಾಲಯದ ಡಾ. ನೀಲ್ ಶ್ನೈಡರ್ ಒಂದು ಇಂಜೆಕ್ಷನ್ ಹೊಂದಿಸಿದರು, ಕೆಟ್ಟ ಪ್ರೋಟೀನ್ ತಯಾರಾಗದಂತೆ ಜೀನಿನ ಸಂದೇಶವನ್ನೇ ತಡೆಯುವಂಥದ್ದು, ಬೆನ್ನುಹುರಿಯ ನೀರಿಗೆ ಕೊಡುವಂಥದ್ದು. ಅವಳ ಅವಳಿ ಸಹೋದರಿ ಅದಕ್ಕೂ ಮೊದಲೇ, ಹದಿನೇಳಕ್ಕೆ, ಇದೇ ಕಾಯಿಲೆಗೆ ಹೋಗಿದ್ದಳು. ಇವಳೂ 2020ರಲ್ಲಿ ತೀರಿಕೊಂಡಳು, ಔಷಧಿಗೆ ಮೊದಲು ಇಟ್ಟದ್ದು ಅವಳ ಹೆಸರೇ, ಜೇಸಿಫ್ಯೂಸೆನ್. ಈಗ ಉಲೆಫ್ನೆರ್ಸೆನ್ ಎನ್ನುತ್ತಾರೆ. 2025ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 12 ಜನರ ವಿವರ ಬಂತು. ಹೆಚ್ಚಿನವರಲ್ಲಿ ಕಾಯಿಲೆ ಮುಂದುವರಿದರೂ, ಒಬ್ಬ ಯುವತಿ ಆಸರೆಯಿಲ್ಲದೆ ನಡೆಯುವ, ಯಂತ್ರವಿಲ್ಲದೆ ಉಸಿರಾಡುವ ಮಟ್ಟಕ್ಕೆ ವಾಪಸಾಗಿದ್ದಾಳೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಅಪ್ಪ, ಅವರ ಫೋನ್ ನಂಬರ್ ನನ್ನಲ್ಲಿದೆ. ಕಳಿಸಲಿಲ್ಲ. ಕಳಿಸಿ ಏನು ಹೇಳುವುದು?

ಎಸ್.ಎಂ.ಎ. ಬಗ್ಗೆ ಪೇಪರಿನಲ್ಲಿ ಎಲ್ಲರೂ ಓದಿರುತ್ತೀರಿ, ಆ 16 ಕೋಟಿಯ ಇಂಜೆಕ್ಷನ್ ಸುದ್ದಿ. ಅದೂ ಮೋಟಾರ್ ನರಕೋಶದ ಕಾಯಿಲೆಯೇ, ಎಸ್.ಎಂ.ಎನ್.1 ಜೀನ್, ಹೆಚ್ಚಾಗಿ ಕೂಸುಗಳಿಗೆ, ಸೌಮ್ಯ ರೂಪದಲ್ಲಿ ದೊಡ್ಡ ಹುಡುಗರಿಗೂ. ಬಾಯಿಗೆ ಕೊಡುವ ರಿಸ್ಡಿಪ್ಲಾಮ್ ಬಾಟಲಿಗೆ ಆರು ಲಕ್ಷವಿತ್ತು. ನಾಟ್ಕೋ ಕಂಪನಿ ಕೋರ್ಟಿನಲ್ಲಿ ಗೆದ್ದು 2025ರ ಅಕ್ಟೋಬರ್‌ನಲ್ಲಿ 15,900 ರೂಪಾಯಿಗೆ ಬಿಟ್ಟಾಗ ನಮ್ಮ ಅಂಗಡಿಯವರ ವಾಟ್ಸಾಪ್ ಗುಂಪಿನಲ್ಲಿ ಪಟಾಕಿ ಚಿತ್ರಗಳೇ ಚಿತ್ರಗಳು.

ಚಿಕ್ಕ ವಯಸ್ಸಿನಲ್ಲೇ ಇಂಥ ಕಾಯಿಲೆ ತರುವ ಜೀನ್‌ಗಳು ಇನ್ನೂ ಇವೆ. ಎ.ಎಲ್.ಎಸ್.2 ಜೀನ್, ಟ್ಯುನೀಷಿಯಾದ ಕುಟುಂಬಗಳಿಂದ ಪತ್ತೆಯಾದದ್ದು, ಪುಟ್ಟಿಯದರಂತೆಯೇ ಎರಡೂ ಪ್ರತಿ ಕೆಡಬೇಕು. ಎಸ್.ಪಿ.ಜಿ.11ದೂ ಅದೇ ಜಾತಿ. ಸೆನಾಟಾಕ್ಸಿನ್ ಜೀನಿನಿಂದ ಬರುವುದು ದಶಕಗಟ್ಟಲೆ ನಿಧಾನ. ಎಸ್.ಪಿ.ಟಿ.ಎಲ್.ಸಿ.1 ಮಾತ್ರ ನನ್ನ ಕಸುಬಿನವರು ತಿಳಿದಿರಬೇಕಾದದ್ದು. ಅದೇ ಜೀನಿನ ಒಂದು ಬಗೆಯ ದೋಷದಿಂದ ಸ್ಪರ್ಶ ಕಳೆದುಕೊಳ್ಳುವ ನರರೋಗ ಬರುತ್ತದೆ, ಅದಕ್ಕೆ ಸೀರಿನ್ ಎಂಬ ಅಮೈನೋ ಆಮ್ಲ ಕೊಟ್ಟರೆ ಅನುಕೂಲ. ಇನ್ನೊಂದು ಬಗೆಯ ದೋಷದಿಂದ ಮಕ್ಕಳಿಗೆ ಎ.ಎಲ್.ಎಸ್. ಬರುತ್ತದೆ, ಅವರಿಗೆ ಅದೇ ಸೀರಿನ್ ಕೊಟ್ಟರೆ ಕೆಡುಕು ಹೆಚ್ಚಬಹುದು ಎಂದು 2021ರಲ್ಲಿ ತೋರಿಸಿದರು. ಜೀನ್ ಒಂದೇ, ಕೆಟ್ಟ ಜಾಗ ಬೇರೆ, ಡಬ್ಬಿಯಲ್ಲಿ ಸಿಗುವ ಪುಡಿ ಒಬ್ಬರಿಗೆ ಮದ್ದು, ಒಬ್ಬರಿಗೆ ವಿಷ. ನನ್ನ ಅಂಗಡಿಗೆ ಬಂದು, "ನಿಮ್ಮ ಹುಡುಗಿಗೆ ಕೊಟ್ರಲ್ಲ, ಅದೇ ಬಿ2 ನಮ್ಮ ತಂದೆಗೂ ಕೊಡಿ, ಅವರಿಗೂ ಎಂ.ಎನ್.ಡಿ." ಎನ್ನುವವರಿಗೆ ನಾನು ಕೊಡುವುದಿಲ್ಲ. ಅರವತ್ತೈದರ ಸಾಮಾನ್ಯ ಎ.ಎಲ್.ಎಸ್.ಗೆ ಅದರಿಂದ ಏನೂ ಆಗದು, ಆಸೆಗೆ ಬೆಲೆ ಕಟ್ಟಿ ಮಾರಿದ ಹಾಗಾಗುತ್ತದೆ. ಚಿಕ್ಕ ವಯಸ್ಸು, ಕಿವಿ, ಮುಖ, ಗಂಟಲು ಅಂದರೆ ಮಾತ್ರ ಕೂರಿಸಿ ಮಾತಾಡಿಸುತ್ತೇನೆ, ನಿಮ್ಹಾನ್ಸ್ ದಾರಿ ಹೇಳುತ್ತೇನೆ.

ಮನೆಯೊಳಗೆ ನಡೆದದ್ದನ್ನೂ ಬರೆಯಬೇಕು. ವರದಿ ಬಂದ ದಿನ ಅಮ್ಮ, "ನನ್ನ ತಮ್ಮನ ಕೈಗೆ ನನ್ನ ಮಗಳನ್ನ ನಾನೇ ಅಲ್ವಾ ಕೊಡ್ಸಿದ್ದು" ಅಂತ ಅಂದು ಊಟ ಬಿಟ್ಟಳು. ದೂರುವುದಕ್ಕೆ ಯಾರೂ ಇಲ್ಲ ಎಂದು ಅವಳಿಗೆ ತಿಳಿಸಿ ಹೇಳಲು ಮಾವನೇ ಬರಬೇಕಾಯಿತು. ಪ್ರತಿಯೊಬ್ಬರಲ್ಲೂ ಇಂಥ ಒಂದಷ್ಟು ಕೆಟ್ಟ ಪ್ರತಿಗಳು ಇದ್ದೇ ಇರುತ್ತವೆ, ಜೊತೆಯ ಒಳ್ಳೆಯ ಪ್ರತಿ ಕೆಲಸ ನಡೆಸಿಕೊಂಡು ಹೋಗುತ್ತದೆ. ಹೊರಗಿನವರನ್ನು ಮದುವೆಯಾದರೆ ಅವರ ದೋಷ ಬೇರೆ ಜಾಗದಲ್ಲಿರುತ್ತದೆ. ಅಜ್ಜನಿಂದಲೋ ಅಜ್ಜಿಯಿಂದಲೋ ಬಂದ ಒಂದೇ ಪ್ರತಿ ಎರಡು ದಾರಿಯಿಂದ ಹರಿದು ಒಂದು ಮಗುವಿನಲ್ಲಿ ಸೇರುವ ಸಾಧ್ಯತೆ, ಯಾವುದೇ ಒಂದು ಜಾಗ ಹಿಡಿದು ನೋಡಿದರೆ, ಅತ್ತೆ-ಮಾವನ ಮಕ್ಕಳು ಮದುವೆಯಾದರೆ 16ರಲ್ಲಿ 1, ಸೋದರಮಾವನೂ ಅಕ್ಕನ ಮಗಳೂ ಮದುವೆಯಾದರೆ 8ರಲ್ಲಿ 1. ಸೋದರಿಕೆ ಮದುವೆಯೇ ಪಾಪ ಎಂದು ಭಾಷಣ ಮಾಡುವವರ ಸಾಲಿಗೆ ನಾನು ಸೇರುವವನಲ್ಲ. ಅಕ್ಕ-ಮಾವ ಚೆನ್ನಾಗಿ ಬಾಳಿದ್ದಾರೆ, ಪುಟ್ಟಿಯನ್ನು ಅವರಿಬ್ಬರೂ ನೋಡಿಕೊಂಡ ಹಾಗೆ ಬೇರೆಯವರು ನೋಡಿಕೊಳ್ಳುತ್ತಿದ್ದರೋ ಇಲ್ಲವೋ. ಆದರೆ ದೋಷ ಇಲ್ಲಿದೆ ಎಂದು ಜಾಗ ಸಮೇತ ಗೊತ್ತಾದ ಮೇಲೂ ಕಣ್ಣು ಮುಚ್ಚಿಕೊಳ್ಳುವುದಕ್ಕೆ ನನಗೆ ಒಪ್ಪಿಗೆಯಿಲ್ಲ.

ನಮ್ಮಲ್ಲಿ ಈ ಮಾತು ಎದ್ದದ್ದು ಪುಟ್ಟಿಯ ತಮ್ಮನಿಗೂ ನನ್ನ ಮಗಳಿಗೂ ಜೋಡಿ ಹಾಕಿ ತೊಟ್ಟಿಲಲ್ಲೇ ನುಡಿದಿದ್ದರಿಂದ. ಅವನಿಗೆ ಕಾಯಿಲೆಯಿಲ್ಲ, ಕೆಟ್ಟ ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು. ನಾನು ಪರೀಕ್ಷೆ ಮಾಡಿಸಿಕೊಂಡೆ. ಜಾಗ ಗೊತ್ತಿದ್ದರೆ ಅದೊಂದನ್ನೇ ಓದಿಸುವ ಪರೀಕ್ಷೆ, ಎಕ್ಸೋಮ್‌ನಷ್ಟು ಖರ್ಚಿಲ್ಲ. ನನ್ನಲ್ಲಿ ಇದೆ. ಹೆಂಡತಿ ಶಿವಮೊಗ್ಗದವಳು, ಸಂಬಂಧವಲ್ಲ. ಹಾಗಾದರೆ ಮಗಳಲ್ಲಿ ಇರುವ ಸಾಧ್ಯತೆ ಅರ್ಧ. ಇಬ್ಬರಿಗೂ ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ 12ರಲ್ಲಿ 1ರ ಅಪಾಯ. ಅಮ್ಮನಿಗೆ ಈ ಲೆಕ್ಕ ಹೇಳಿದಾಗ, "ಹನ್ನೊಂದು ಚೆನ್ನಾಗಿರ್ತವಲ್ಲ" ಅಂದಳು. ಮಗಳು, "ಅಜ್ಜಿ, ನಂಗೆ ಅವ್ನು ಬೇಡವೇ ಬೇಡ, ಲೆಕ್ಕ ಯಾಕೆ" ಎಂದು ಎದ್ದು ಹೋದಳು. ಆ ಹುಡುಗನೂ ಅದೇ ಅಭಿಪ್ರಾಯದವನು. ಪರೀಕ್ಷೆ ಈಗ ಬೇಡ ಮಾಮ, ಬೇಕಾದಾಗ ನಾನೇ ಮಾಡಿಸಿಕೊಳ್ಳುತ್ತೇನೆ ಅಂದಿದ್ದಾನೆ. ಅವನ ರಕ್ತ, ಅವನ ನಿರ್ಧಾರ.

ಈಗ ನನ್ನ ಚಿಂತೆ ಅರಸೀಕೆರೆಯದ್ದು. ಅಮ್ಮನ ತಂಗಿಯ ಮಗಳನ್ನು ಕೊಟ್ಟಿರುವುದು ಇನ್ನೊಬ್ಬ ಸೋದರಮಾವನ ಮಗನಿಗೆ. ಎರಡು ಕಡೆಯೂ ಅದೇ ಅಜ್ಜ ಅಜ್ಜಿ. ಅವಳಿಗೆ ಈಗ ನಾಲ್ಕು ತಿಂಗಳು. ಅವಳ ಗಂಡ, "ನಮಗೇನಾಗಿದೆ ಅಂತ ಟೆಸ್ಟು, ಊರಿಗೆಲ್ಲ ಗೊತ್ತಾಗ್ಲಿ ಅಂತಲಾ?" ಎಂದು ಫೋನ್ ಇಟ್ಟ. ಹಾಗಾಗಿ ಅವಳೊಬ್ಬಳ ಹತ್ತಿರವೇ ಮಾತಾಡಿದೆ. ಇಬ್ಬರಲ್ಲಿ ಒಬ್ಬರದು ಸರಿಯಿದ್ದರೆ ಇನ್ನೊಬ್ಬರ ಪರೀಕ್ಷೆ ಬೇಕಾಗುವುದೇ ಇಲ್ಲ, ನಿನ್ನದೊಂದು ಮಾಡಿಸೋಣ, ಇದೆ ಅಂತ ಬಂದರೆ ಆಗ ಅವನನ್ನು ಕೇಳೋಣ, ಮಗುವಿಗೆ ಬಂದೇ ಬರುವುದಾದರೂ ಹುಟ್ಟಿದ ದಿನದಿಂದಲೇ ಬಿ2 ಶುರುಮಾಡಬಹುದು, ಪುಟ್ಟಿಗೆ ಆದ ಹಾಗೆ ಆಗಬೇಕಾಗಿಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಗುರುವಾರ ತವರಿಗೆ ಬರುತ್ತೇನೆ, ಲ್ಯಾಬಿನ ಹುಡುಗನನ್ನು ಅಲ್ಲಿಗೇ ಕಳಿಸು ಅಣ್ಣ ಅಂದಳು. ಹೇಳಿ ಇಟ್ಟಿದ್ದೇನೆ.